ಏನೂ ಅನ್ನಿಸಲಿಲ್ಲ ಎಂದ ಮಗಳಿಗೆ

ಚಿತ್ರದುರ್ಗ
16-5-2021

ಚಿ. ಸ್ಮಿತಾಳಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು, ನಿನ್ನ ಅಮ್ಮ, ಅಜ್ಜಿ ಎಲ್ಲರೂ ಕ್ಷೇಮ. ನಿನ್ನೆ ರಾತ್ರಿ ಫೋನಿನಲ್ಲಿ ನೀನು ಆಡಿದ ಒಂದು ಮಾತು ನನ್ನನ್ನು ಬೆಳಗಿನವರೆಗೆ ಮಲಗಗೊಡಲಿಲ್ಲವಾದ್ದರಿಂದ ಇದನ್ನು ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ಬೇರೆ ದಿನಗಳಾಗಿದ್ದರೆ ಮೊದಲ ಬಸ್ಸಿಗೇ ಹೊರಟು ದಾವಣಗೆರೆಯ ನಿನ್ನ ಹಾಸ್ಟೆಲಿನ ಗೇಟಿನಲ್ಲಿ ನಿಂತಿರುತ್ತಿದ್ದೆ. ಈಗ ಜಿಲ್ಲೆ ದಾಟುವಂತಿಲ್ಲ. ದಾಟಿದರೂ ಕೋವಿಡ್ ವಾರ್ಡಿನಿಂದ ಬರುವ ನಿನ್ನ ಪಕ್ಕದಲ್ಲಿ ಕೂರುವಂತಿಲ್ಲ. ಬರಲಾಗದ್ದಕ್ಕೆ ಕ್ಷಮಿಸಮ್ಮಾ.

ನಿನ್ನ ವಾರ್ಡಿನಲ್ಲಿದ್ದ ಆ ಹಿರಿಯರು ತೀರಿಕೊಂಡ ಸುದ್ದಿಯನ್ನು ಅವರ ಮಗನಿಗೆ ತಿಳಿಸುವ ಕೆಲಸ ನಿನ್ನ ಪಾಲಿಗೆ ಬಂತು. ದಿನವೂ ಸಂಜೆ ಅವನಿಗೆ ಆಕ್ಸಿಜನ್ ಮಟ್ಟ ಹೇಳುತ್ತಿದ್ದ ದನಿಯಲ್ಲಿಯೇ ಇದನ್ನೂ ಹೇಳಿದೆ. ಅವನು ‘ಆಯ್ತು ಮೇಡಂ, ಬಹಳ ಉಪಕಾರ ಆಯ್ತು’ ಎಂದ. ನೀನು ಪಿಪಿಇ ಕಿಟ್ ಕಳಚಿ, ಸ್ನಾನ ಮಾಡಿ, ಮೆಸ್ಸಿನಲ್ಲಿ ಚಿತ್ರಾನ್ನ ತಿಂದೆ. ‘ಅಪ್ಪಾ, ನನಗೆ ಏನೂ ಅನ್ನಿಸಲಿಲ್ಲ. ನಾನು ಕೆಟ್ಟ ಡಾಕ್ಟರ್ ಆಗ್ತಿದೀನಾ?’ ಎಂದು ಕೇಳಿದೆ.

ಅಳು ಬಂತು ಎಂದಿದ್ದರೆ ಸಮಾಧಾನ ಹೇಳುತ್ತಿದ್ದೆ, ಸಿಟ್ಟು ಬಂತು ಎಂದಿದ್ದರೆ ಬೈದುಕೋ ಎನ್ನುತ್ತಿದ್ದೆ. ಏನೂ ಅನ್ನಿಸಲಿಲ್ಲ ಎಂಬುದಕ್ಕೆ ಏನು ಹೇಳಬೇಕೆಂದು ಇನ್ನೂ ಯೋಚಿಸುತ್ತಲೇ ಇದ್ದೇನೆ. ಉಸಿರಾಟ ಸರಾಗವಾಗಲೆಂದು ಬೋರಲು ಮಲಗಿಸಲು ಹೋದರೆ ಆ ಹಿರಿಯರು ಒಪ್ಪದೆ ಹಟ ಮಾಡಿದಾಗ, ಎದೆಯ ಕೆಳಗೊಂದು, ಸೊಂಟದ ಕೆಳಗೊಂದು ದಿಂಬು ಇಟ್ಟು, ಮಾತಾಡಿಸುತ್ತಲೇ ಹೊರಳಿಸಿದೆನೆಂದು ಹೋದ ವಾರ ನೀನೇ ಹೇಳಿದ್ದೆ. ಅಷ್ಟು ಅಕ್ಕರೆಯಿಂದ ನೋಡಿಕೊಂಡವಳ ಮನಸ್ಸು ಒಂದೇ ವಾರದಲ್ಲಿ ಕಲ್ಲಾಯಿತೆಂದು ನಾನು ಒಪ್ಪುವುದಿಲ್ಲ. ನಿದ್ದೆಯಿಲ್ಲದೆ, ಸಾವಿನ ಮೇಲೆ ಸಾವು ನೋಡಿದ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಹೀಗೆ ಮರಗಟ್ಟುವುದುಂಟೆಂದು ಮನೋವೈದ್ಯಶಾಸ್ತ್ರದ ಪಾಠದಲ್ಲಿ ನೀನೇ ಓದಿದ್ದೀಯಲ್ಲವೇ? ಆದರೂ ಹೆದರಿಕೆಯಾಗುತ್ತದೆ. ನಿನ್ನ ಚಿಕ್ಕಪ್ಪನ ವಿಷಯ ನಮ್ಮಿಬ್ಬರಿಗೂ ಗೊತ್ತಿರುವುದರಿಂದ ಬರೆಯುವುದಿಲ್ಲ. ಅವನೂ ಊಟ ಮಾಡುತ್ತಿದ್ದ, ಕೆಲಸಕ್ಕೆ ಹೋಗುತ್ತಿದ್ದ, ಕೇಳಿದವರಿಗೆಲ್ಲ ‘ಏನೂ ಇಲ್ಲ’ ಎನ್ನುತ್ತಿದ್ದ.

ಆದ್ದರಿಂದ ನೇರವಾಗಿ ಕೇಳುತ್ತೇನೆ: ಈ ಬದುಕು ಸಾಕು ಎನ್ನುವ ಯೋಚನೆ ಎಂದಾದರೂ ನಿನಗೆ ಬಂದಿದೆಯೇ? ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಮನೆಯ ಹಿರಿಯರು ಹೆದರುವುದುಂಟು. ಹಾಗೇನೂ ಆಗುವುದಿಲ್ಲ, ಕೇಳಲೇಬೇಕು ಎನ್ನುವುದು ನಿಮ್ಮ ಶಾಸ್ತ್ರದ್ದೇ ಮಾತು.

ಕಾಲೇಜಿನ ಮನೋವೈದ್ಯ ವಿಭಾಗಕ್ಕೆ ಹೋದರೆ ಬ್ಯಾಚಿನವರಿಗೆಲ್ಲ ತಿಳಿಯುತ್ತದೆ, ಮುಂದೆ ಪಿಜಿ ಸೀಟಿಗೂ ಮದುವೆಗೂ ತೊಡಕಾಗುತ್ತದೆ ಎಂದು ನೀನು ಹೇಳಿದೆ. ಔಷಧಿಯ ವಿಷಯ ನನಗೆ ತಿಳಿಯದು, ಕಾನೂನಿನ ವಿಷಯ ಹೇಳಬಲ್ಲೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಂ ಪ್ರಕಾರ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡುವುದು ವೈದ್ಯರ ಕರ್ತವ್ಯ; ಅದು ನಿನ್ನ ಹಕ್ಕು. ಸಹಪಾಠಿಗಳ ಕಣ್ಣಿಗೆ ಬೀಳುವುದೇ ಬೇಡವೆಂದರೆ ನಿಮ್ಹಾನ್ಸ್‌ನ ಸಹಾಯವಾಣಿ 080-46110007 ಇದೆ, ಕನ್ನಡದಲ್ಲಿಯೇ ಮಾತಾಡಬಹುದು. ಮದುವೆಯ ಮಾತು ಬಿಡು. ಇದನ್ನು ನೆಪ ಮಾಡಿಕೊಂಡು ಹಿಂದೆ ಸರಿಯುವ ಮನೆತನಕ್ಕೆ ನಿನ್ನನ್ನು ಕೊಡುವವರಾರು?

ಇನ್ನೊಂದು ಮಾತು. ಮೇ 3ರಂದು ಕೇಂದ್ರ ಸರ್ಕಾರ ನಿಮ್ಮಂಥ ಇಂಟರ್ನಿಗಳನ್ನು ಕೋವಿಡ್ ಕೆಲಸಕ್ಕೆ ತೆಗೆದುಕೊಳ್ಳಬಹುದು ಎಂದಾಗ, ಅದು ಬೋಧಕರ ಮೇಲ್ವಿಚಾರಣೆಯಲ್ಲಿ ಎಂದೇ ಹೇಳಿತ್ತು. ಸಾವಿನ ಸುದ್ದಿ ಹೇಳುವಾಗ ಹಿರಿಯ ವೈದ್ಯರೊಬ್ಬರು ಜೊತೆಗಿರಲಿ ಎಂದು ಕೇಳುವುದು ಸೋಮಾರಿತನವೂ ಅಲ್ಲ, ಅಹಂಕಾರವೂ ಅಲ್ಲ. 100 ದಿನ ಪೂರೈಸಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆ ಎಂದು ಆಗಲೇ ಪ್ರಕಟಿಸಿದ್ದಾರೆ. ಆ ನೂರನ್ನು ತುಂಬಿಸಲೆಂದು ರಜೆ ಕೇಳದೆ ಉಳಿಯಬೇಡ. ನೀಟ್ ಪಿಜಿ ಪರೀಕ್ಷೆಯನ್ನು ಕನಿಷ್ಠ 4 ತಿಂಗಳು ಮುಂದಕ್ಕೆ ಹಾಕಿದ್ದಾರೆ, ಪುಸ್ತಕ ಕಾಯುತ್ತದೆ. ಡ್ಯೂಟಿ ಮುಗಿದ ಮೇಲೆ ಸಾವಿನ ಲೆಕ್ಕ ಬರುವ ಗ್ರೂಪುಗಳನ್ನು ನೋಡದೆ ಮಲಗು. ರೂಮಿನ ಗೆಳತಿಯೊಡನೆಯಾದರೂ ಕೂತು ಉಣ್ಣು, ಒಬ್ಬಳೇ ಉಣ್ಣಬೇಡ. ಉಪದೇಶ ಬೇಡವೆಂದುಕೊಂಡೇ ಕೂತವನು ನಾನು. ದೂರದಲ್ಲಿರುವ ಅಪ್ಪನಿಗೆ ಹೇಳುವುದೊಂದೇ ಉಳಿದಿರುವ ಕೆಲಸ.

ಬೀದಿಯವರು ‘ನಿಮ್ಮ ಮಗಳು ಕೋವಿಡ್ ಡ್ಯೂಟಿಯಲ್ಲಿದ್ದಾಳಂತೆ’ ಎಂದಾಗ ನನ್ನ ಎದೆ ಉಬ್ಬುತ್ತದೆ, ಸುಳ್ಳು ಹೇಳಲಾರೆ. ಆದರೆ ನಾಳೆ ನೀನು ರಜೆ ಹಾಕಿ ಮನೆಗೆ ಬಂದರೂ, ಇಂಟರ್ನ್‌ಶಿಪ್ ಆರು ತಿಂಗಳು ತಡವಾದರೂ, ಈ ಮನೆಯಲ್ಲಿ ಯಾರೂ ಏಕೆಂದು ಕೇಳುವುದಿಲ್ಲ. ಅಮ್ಮನೊಡನೆ ಈ ಮಾತು ಆಗಿದೆ.

ಬುಧವಾರ ರಾತ್ರಿ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಆ ವಿಭಾಗಕ್ಕೆ ಹೋಗಿ ಬಂದಿರು, ಇಲ್ಲವೇ ನಿಮ್ಹಾನ್ಸಿನವರೊಡನೆ ಮಾತಾಡಿರು. ಅಲ್ಲಿ ಏನು ಹೇಳಿದೆ ಎಂದು ಕೇಳುವುದಿಲ್ಲ, ಹೋಗಿದ್ದೆಯೋ ಇಲ್ಲವೋ ಎಂದಷ್ಟೇ ಕೇಳುತ್ತೇನೆ. ನಾನು ನೇರವಾಗಿ ಕೇಳಿದ ಆ ಪ್ರಶ್ನೆಗೆ ಮಾತ್ರ ಬುಧವಾರದವರೆಗೆ ಕಾಯಲಾರೆ. ಇಂದು ರಾತ್ರಿ ಎಷ್ಟೇ ಹೊತ್ತಾಗಿರಲಿ, ಫೋನ್ ಮಾಡಿ ಉತ್ತರ ಹೇಳು.

ನಿನ್ನ ತಂದೆ