ನಾಣ್ಯ ಉಜ್ಜಬೇಡಿ, ತೂಗಿ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ನಾಣ್ಯಗಳನ್ನು ಟೂತ್‌ಪೇಸ್ಟ್, ನಿಂಬೆರಸ, ಅಡುಗೆ ಸೋಡಾ ಹಾಕಿ ಫಳಫಳ ಹೊಳೆಯಿಸುವ ‘ಮನೆ ಉಪಾಯ’ಗಳು ಪದೇಪದೇ ಅಚ್ಚಾಗುತ್ತಿರುತ್ತವೆ. ದಯವಿಟ್ಟು ನಿಲ್ಲಿಸಿ. ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಲೋಹ ಅಂಚಿನತ್ತ ಹರಿದು, ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ದೀಪದಡಿ ಓರೆ ಹಿಡಿದು ತಿರುಗಿಸಿದರೆ ಬೆಳಕು ಗಾಲಿಯ ಕಡ್ಡಿಗಳಂತೆ ಸುತ್ತುವುದು ಇವುಗಳಿಂದಲೇ. ಪೇಸ್ಟಿನೊಳಗಿನ ಪುಡಿ ಆ ಗೆರೆಗಳನ್ನು ತರಿದುಹಾಕುತ್ತದೆ. ಉಳಿಯುವುದು ತಿಕ್ಕಿದ ಪಾತ್ರೆಯ ಹೊಳಪು, ಅಡ್ಡಾದಿಡ್ಡಿ ಕೂದಲೆಳೆ ಗೀರು. ಭೂತಗನ್ನಡಿ ಹಿಡಿದ ಸಂಗ್ರಾಹಕನಿಗೆ ಇದು ತಕ್ಷಣ ಗೊತ್ತಾಗುತ್ತದೆ. ಅಪರೂಪದ ನಾಣ್ಯ ಬರೀ ಬೆಳ್ಳಿಯ ತೂಕದ ಬೆಲೆಗೆ ಇಳಿದರೂ ಇಳಿಯಿತು. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಆ ಪದರ ಸಮವಾಗಿ ಕೂತಿದ್ದರೆ ಅದಕ್ಕೇ ಹೆಚ್ಚು ಕೊಡುವವರಿದ್ದಾರೆ.

ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಲಕೋಟೆಯಲ್ಲಿ ವರ್ಷಗಟ್ಟಲೆ ಇಟ್ಟು ಹಿಡಿದ ಹಸಿರು ಅಂಟನ್ನು ಮಾತ್ರ ತೆಗೆಯಲೇಬೇಕು, ಬಿಟ್ಟರೆ ಲೋಹವನ್ನು ತಿನ್ನುತ್ತದೆ. ಗಾಜಿನ ಬಟ್ಟಲಲ್ಲಿ ಅಪ್ಪಟ ಅಸಿಟೋನ್ ಹಾಕಿ ನೆನೆಸಿ, ಹೊಸ ಅಸಿಟೋನ್‌ನಲ್ಲಿ ಇನ್ನೊಮ್ಮೆ ಅದ್ದಿ, ತಾನಾಗಿ ಆರಲು ಬಿಡಿ. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ. ಬಣ್ಣ, ಎಣ್ಣೆ ಬೆರೆತ ನೈಲ್ ಪಾಲಿಷ್ ರಿಮೂವರ್ ಆಗದು. ತಾಮ್ರದ ಕಿಲುಬು ಅಸಿಟೋನ್‌ಗೆ ಜಗ್ಗುವುದಿಲ್ಲ.

ಎಷ್ಟೋ ಜನ ಉಜ್ಜುವುದೇ ಅಸಲಿಯೋ ನಕಲಿಯೋ ನೋಡಲು. ಅದಕ್ಕೆ ನೀರು, ತಕ್ಕಡಿ ಸಾಕು. ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ದಾರದಲ್ಲಿ ಕಟ್ಟಿದ ನಾಣ್ಯವನ್ನು ಪೂರ್ತಿ ಮುಳುಗಿಸಿ. ತಳ, ಗೋಡೆ ಮುಟ್ಟಬಾರದು. ಒಣ ತೂಕವನ್ನು ಆಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ: ಶುದ್ಧ ಬೆಳ್ಳಿಗೆ 10.49, ಚಿನ್ನಕ್ಕೆ 19.3. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಅಸಲಿಯೂ ಹಗುರ ಲೋಹದಂತೆ ತೋರುತ್ತದೆ. ತಕ್ಕಡಿ 0.01 ಗ್ರಾಂ ತೋರಿಸುವಂಥದ್ದೇ ಇರಬೇಕು. 22 ಕ್ಯಾರೆಟ್‌ನ ಬ್ರಿಟಿಷ್ ಚಿನ್ನದ ನಾಣ್ಯ ಸಾವರಿನ್ 7.98 ಗ್ರಾಂ, ನೀರಿನಲ್ಲಿ ಸುಮಾರು 0.45 ತೋರಿಸಬೇಕು, ಅಂದರೆ ಸಾಂದ್ರತೆ 17.7ರ ಆಸುಪಾಸು. 0.1ರ ತಕ್ಕಡಿ 0.4 ಎಂದರೆ ಲೆಕ್ಕ 20ರ ಹತ್ತಿರ, 0.5 ಎಂದರೆ 16. ಎರಡೂ ಕೆಲಸಕ್ಕೆ ಬಾರವು. ಅಯಸ್ಕಾಂತ ಕಬ್ಬಿಣ, ನಿಕ್ಕಲ್‌ನಂಥ ಲೋಹಗಳನ್ನಷ್ಟೇ ಹಿಡಿದುಕೊಡುತ್ತದೆ. ಒಳಗೆ ತಾಮ್ರವಿದ್ದರೆ ಅದು ಸುಮ್ಮನಿರುತ್ತದೆ.

ಔನ್ಸ್ ಲೆಕ್ಕದಲ್ಲೂ ಎಡವುವವರಿದ್ದಾರೆ. ಚಿನ್ನ–ಬೆಳ್ಳಿಗೆ ಟ್ರಾಯ್ ಔನ್ಸ್, ಅಂದರೆ 31.1035 ಗ್ರಾಂ, ಅಡುಗೆಮನೆಯ ತಕ್ಕಡಿಯ ಔನ್ಸ್ 28.35. ಗ್ರಾಂನಲ್ಲೇ ತೂಗಿ. ಬೆಲೆಯನ್ನೂ ಹಾಗೇ ಬಿಡಿಸಿ: ಸಾವರಿನ್‌ನಲ್ಲಿರುವ ಅಪ್ಪಟ ಚಿನ್ನ 7.32 ಗ್ರಾಂ. ಅದನ್ನು ದಿನದ ದರದಿಂದ ಗುಣಿಸಿ ಬಂದದ್ದರ ಮೇಲೆ ಎಷ್ಟು ಕೇಳುತ್ತಿದ್ದಾರೆ, ಅದು ಟಂಕಿಸಿದ ಕೂಲಿಗೋ ಇಸವಿಯ ಅಪರೂಪಕ್ಕೋ ಎಂದು ವಿಚಾರಿಸಿ. ಮಾರುವ ದಿನ ಕೂಲಿ ಸಾಮಾನ್ಯವಾಗಿ ಪೂರ್ತಿ ವಾಪಸು ಬರುವುದಿಲ್ಲ. ನಾಣ್ಯ ಚಿಕ್ಕದಾದಷ್ಟೂ ಗ್ರಾಂಗೆ ಬೀಳುವ ಕೂಲಿ ಹೆಚ್ಚು.

ನೀರಿನ ಪರೀಕ್ಷೆ ಸೋಲುವುದು ಚಿನ್ನದೊಳಗೆ ತುಂಬಿದ ಟಂಗ್‌ಸ್ಟನ್ ಲೋಹದ ಎದುರು. ಅದರ ಸಾಂದ್ರತೆ 19.25, ಶುದ್ಧ ಚಿನ್ನಕ್ಕೆ ಅಷ್ಟು ಹತ್ತಿರ. ಅಂಗಡಿಯ ಎಕ್ಸ್‌ರೇ ಯಂತ್ರವೂ ಮೇಲ್ಪದರವನ್ನಷ್ಟೇ ಓದುತ್ತದೆ. ದಪ್ಪ ಚಿನ್ನದ ಗಟ್ಟಿ ಕೊಳ್ಳುವವರು ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿಯೇ ಹಣ ಕೊಡಲಿ.

– ಒಬ್ಬ ನಾಣ್ಯ ಸಂಗ್ರಾಹಕ