ಶೇಂಗಾ ಧಾರಣೆ ಓದುವಾಗ ಸಿಪ್ಪೆ ಮರೆಯಬೇಡಿ

ಮಾನ್ಯರೇ,

ಚಟ್ನಿಪುಡಿ, ಎಣ್ಣೆ ಗಾಣದಂಥ ಕಿರು ಘಟಕಗಳ ಯೋಜನಾ ವರದಿಯಲ್ಲಿ ಕಚ್ಚಾಮಾಲಿನ ಲೆಕ್ಕವೇ ಎಡವುವ ಜಾಗ. ಎಪಿಎಂಸಿ ಧಾರಣೆ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಕನಿಷ್ಠ, ಗರಿಷ್ಠ ಬಿಟ್ಟು ಮಾದರಿ ಬೆಲೆಯನ್ನೇ (ಹೆಚ್ಚಿನ ಮಾಲು ಮಾರಾಟವಾದ ದರ) ಹಿಡಿಯಿರಿ. ಮೂರು ವರ್ಷದ್ದನ್ನು ತಿಂಗಳುವಾರು ಬರೆದುಕೊಂಡರೆ ಯಾವಾಗ ದಾಸ್ತಾನು ಮಾಡಬೇಕೆಂಬುದು ಕಣ್ಣಿಗೆ ಕಾಣುತ್ತದೆ. ಆದರೆ ಮಾರುಕಟ್ಟೆಗೆ ಬರುವ ಶೇಂಗಾ ಹೆಚ್ಚಾಗಿ ಸಿಪ್ಪೆ ಸಮೇತ. ಕ್ವಿಂಟಲ್‌ಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಸುಲಿದರೆ ಬೀಜ ಸಿಗುವುದು 70 ಕೆ.ಜಿ. ಆಸುಪಾಸು. ಅಂದರೆ ಕೆ.ಜಿ.ಗೆ 60 ಅಲ್ಲ, ಸುಮಾರು 86 ರೂಪಾಯಿ. ಕೂಲಿ, ಸಾಗಣೆ ಬೇರೆ. ಲಾಭವೆಲ್ಲ ಇಲ್ಲೇ ಸೋರಿಹೋಗುತ್ತದೆ.

ಬೇಡಿಕೆಯ ಅಂದಾಜಿಗೆ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ ಇದೆ. ಗ್ರಾಮೀಣ ಭಾರತದ ಮಾಸಿಕ ಸರಾಸರಿ ವೆಚ್ಚ 4,122 ರೂಪಾಯಿ. ಇದು ತಲಾ ಲೆಕ್ಕ, ಮನೆಯ ಲೆಕ್ಕವಲ್ಲ. ಅದರಲ್ಲಿನ ‘ಪಾನೀಯ, ಸಂಸ್ಕರಿತ ಆಹಾರ’ದ ಪಾಲಿನಲ್ಲಿ ಹೋಟೆಲ್ ಊಟ, ಚಹಾ ಕೂಡ ಸೇರಿವೆ, ಅಷ್ಟೂ ಚಟ್ನಿಪುಡಿಗೆ ಬರುವ ಹಣವಲ್ಲ.

ಜಿಲ್ಲಾ ಅಂಕಿಅಂಶಗಳ ಹೊತ್ತಗೆಯನ್ನು ಸರ್ಕಾರ ತಾಲ್ಲೂಕುವಾರು ಎಕ್ಸೆಲ್ ರೂಪದಲ್ಲೇ ಕೊಡಲಿ. ಇಂಥ ಧಾರಣೆ, ಅಂಕಿಅಂಶಗಳನ್ನು ಓದುವ ಬಗೆಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರಗಳು ಸಾಲದ ಅರ್ಜಿಗೆ ಮೊದಲೇ, ಅರ್ಧ ದಿನವಾದರೂ ಕೂರಿಸಿ ಕಲಿಸಲಿ.

– ಕಿರು ಉದ್ಯಮ ಸಲಹೆಗಾರರು, ಚಳ್ಳಕೆರೆ