ಬೂತ್ ನಂಬರ್ ಕೇಳಬೇಡಿ, ಬರಹದಲ್ಲಿ ಉತ್ತರ ಕೊಡಿ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರಗಳು.

2024ರ ಜೂನ್ 4ಕ್ಕೆ ಫಲಿತಾಂಶ ಬಂತು, ನೀವು ಗೆದ್ದಿರಿ. ಆದರೆ ನಮ್ಮ ಜಿಲ್ಲೆಯಲ್ಲಿ ಚುನಾವಣೆ ಇನ್ನೂ ಮುಗಿದಿಲ್ಲ. ತೆರಿಗೆ ಅಂದರೆ ಜಗಳ, ಆಸ್ಪತ್ರೆ ಅಂದರೆ ಜಗಳ, ಮತದಾರರ ಪಟ್ಟಿ ಅಂದರೆ ಇನ್ನೂ ದೊಡ್ಡ ಜಗಳ. ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದಾರೆ. ಯಾರ ಪಕ್ಷ ಸರಿ ಎಂದು ಹೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ನನ್ನದು ಒಂದೇ ಬೇಡಿಕೆ. 70 ವರ್ಷ ದಾಟಿದವರ ಆಯುಷ್ಮಾನ್ ಕಾರ್ಡು ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ನಡೆಯುತ್ತದೋ ಇಲ್ಲವೋ? ನಡೆಯದಿದ್ದರೆ ಯಾರಿಂದ ತಡ? ಇದನ್ನು ಕೇಂದ್ರದ ಯೋಜನೆಗಳು ಜಿಲ್ಲೆಯಲ್ಲಿ ಹೇಗೆ ನಡೆಯುತ್ತಿವೆ ಎಂದು ನೋಡುವ ದಿಶಾ ಸಮಿತಿಯ ಮುಂದಿನ ಸಭೆಯಲ್ಲಿ ಕೇಳಿ. ಬಂದ ಉತ್ತರವನ್ನು ಬರಹದಲ್ಲಿ ಜನರ ಮುಂದೆ ಇಡಿ.

ದಿಶಾ ಸಮಿತಿಯ ಅಧ್ಯಕ್ಷರು ನೀವೇ. ಮೂರು ತಿಂಗಳಿಗೊಮ್ಮೆ ಸಭೆ ಆಗಬೇಕು. ಡಿಸಿ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಎಲ್ಲರೂ ನಿಮ್ಮ ಎದುರು ಫೈಲ್ ಹಿಡಿದು ಕೂರುತ್ತಾರೆ. ಇದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿದೆ ಎಂದೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಅಪ್ಪನಿಗೆ 76 ವರ್ಷ. ಖಾಸಗಿ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಪಿಂಚಣಿ ಅಂತ ಹೇಳಿಕೊಳ್ಳುವಷ್ಟು ಏನೂ ಇಲ್ಲ. 2025ರ ಫೆಬ್ರುವರಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ರಜೆಯಲ್ಲಿದ್ದರು. ಬೇರೆ ಕಡೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟರು. ಖಾಸಗಿ ಆಸ್ಪತ್ರೆಗೆ ಹೋದೆವು. ಜನರಲ್ ವಾರ್ಡ್ ತುಂಬಿದೆ, ಸಿಂಗಲ್ ರೂಮ್ ಮಾತ್ರ ಇದೆ ಎಂದರು. ನೋವಿಗೆ ಹಲ್ಲು ಕಚ್ಚಿಕೊಂಡು ಸ್ಟ್ರೆಚರ್ ಮೇಲೆ ಮಲಗಿದ್ದ ಮನುಷ್ಯನನ್ನು ಇಟ್ಟುಕೊಂಡು ಇನ್ನೆಲ್ಲಿಗೆ ಅಲೆಯುವುದು? ಒಪ್ಪಿಕೊಂಡೆವು. ಬಾಡಿಗೆ ದಿನಕ್ಕೆ 5,000 ರೂಪಾಯಿ ದಾಟಿದ ಕೊಠಡಿಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇದೆಯಲ್ಲ, ಅದೂ ಬಿಲ್ಲಿಗೆ ಸೇರಿತು.

ಅಪ್ಪನ ಹೆಸರಲ್ಲಿ ಆರೋಗ್ಯ ವಿಮೆ ಇತ್ತು. ವಿಮೆಯವರು ರೂಮ್ ಬಾಡಿಗೆಯ ಮಿತಿ ದಾಟಿದೆ ಎಂದು ಒಂದಷ್ಟು ಕಡಿದರು. ವಯಸ್ಸಾದವರಿಗೆ ಶೇ 20 ನೀವೇ ಹಾಕಬೇಕು ಎಂದು ಇನ್ನೊಂದಷ್ಟು ಕಡಿದರು. ಉಳಿದದ್ದು ನಮ್ಮ ತಲೆ ಮೇಲೆ ಬಂತು. ಅಮ್ಮ ಬಳೆ ಬಿಚ್ಚಿ ಕೊಟ್ಟಳು. ಅದನ್ನು ಅಡ ಇಟ್ಟದ್ದು ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಅಷ್ಟು ಹೊತ್ತಿಗಾಗಲೇ ನಮ್ಮ ಹತ್ತಿರ 70 ದಾಟಿದವರ ಆಯುಷ್ಮಾನ್ ಕಾರ್ಡೂ ಇತ್ತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ. ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂದರು. ಖಾಸಗಿ ವಿಮೆ ಇದ್ದರೂ ಅಡ್ಡಿಯಿಲ್ಲ ಎಂದರು. ದೇಶದಲ್ಲಿ ಸುಮಾರು 6 ಕೋಟಿ ಹಿರಿಯರಿಗೆ ಅನುಕೂಲ ಎಂದು ಲೆಕ್ಕ ಕೊಟ್ಟರು. ಅಪ್ಪ ಅದನ್ನು ಪೇಪರಿನಲ್ಲಿ ಓದಿ, ಆಧಾರ್ ಕೊಟ್ಟು ಕಾರ್ಡು ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಕೌಂಟರಿನಲ್ಲಿದ್ದ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸ್ ಕೊಟ್ಟಳು. "ಇದಕ್ಕೆ ರಾಜ್ಯದಿಂದ ನಮಗೆ ಆದೇಶ ಬಂದಿಲ್ಲ ಮೇಡಂ" ಎಂದಳು. ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಫೋನ್ ಮಾಡಿದೆ. ರಾಜ್ಯದವರನ್ನು ಕೇಳಿ ಎಂದರು. ರಾಜ್ಯದ ಕಚೇರಿಗೆ ಮಾಡಿದೆ. ಕೇಂದ್ರದವರು ದುಡ್ಡು ಕೊಡಬೇಕಲ್ಲ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಪಾಡು.

ಆಮೇಲೆ ನಿಮ್ಮ ಕಚೇರಿಗೆ ಬಂದೆ. ನೀವು ದೆಹಲಿಯಲ್ಲಿದ್ದಿರಿ. ನಿಮ್ಮ ಕಡೆಯವರೊಬ್ಬರು ಕಾರ್ಡನ್ನು ಕೈಯಲ್ಲೂ ಮುಟ್ಟಲಿಲ್ಲ. ಮೊದಲು ಕೇಳಿದ್ದೇ "ಯಾವ ಬೂತು?" ಎಂದು. ಹೇಳಿದೆ. ಮೊಬೈಲಿನಲ್ಲಿ ಏನೋ ನೋಡಿದರು. "ಆ ಬೂತಲ್ಲಿ ನಮಗೆ ಲೀಡ್ ಇಲ್ಲ ಬಿಡಿ. ನೀವು ಯಾರಿಗೆ ಹಾಕಿದಿರೋ ಅವರನ್ನೇ ಕೇಳಿ" ಎಂದರು. ಅಕ್ಕಪಕ್ಕ ಕೂತಿದ್ದವರು ನಕ್ಕರು. ಆಸ್ಪತ್ರೆಯಲ್ಲಿ ಅಪ್ಪನನ್ನು ಬಿಟ್ಟು ಬಂದಿದ್ದ ನನಗೆ ಅಲ್ಲಿ ನಿಂತು ಜಗಳ ಆಡುವಷ್ಟು ಶಕ್ತಿ ಇರಲಿಲ್ಲ.

ಸರ್, ಆ ಮನುಷ್ಯನಿಗೆ ಗೊತ್ತಿಲ್ಲದ ಒಂದು ವಿಷಯ ನಿಮಗೆ ಹೇಳುತ್ತೇನೆ. 2024ರ ಏಪ್ರಿಲ್ 26ರಂದು ಅಪ್ಪ ಯಾರಿಗೂ ವೋಟು ಹಾಕಿಲ್ಲ. ಹಾಕಲು ಬಿಡಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗುರುತಿನ ಚೀಟಿ ಹಿಡಿದು, ಬಿಸಿಲಿನಲ್ಲಿ ಸಾಲಿನಲ್ಲಿ ನಿಂತರು. ಒಳಗೆ ಹೋದ ಮೇಲೆ ಅಧಿಕಾರಿ ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಕೆಳಗೆ ಸರಿಸುತ್ತಾ ಬಂದು ಅಪ್ಪನ ಹೆಸರಿನ ಹತ್ತಿರ ನಿಲ್ಲಿಸಿದರು. ಚೌಕದ ಮೇಲೆ ಅಡ್ಡಲಾಗಿ 'ಡಿಲೀಟೆಡ್' ಎಂದಿತ್ತು. ಪಕ್ಕದಲ್ಲಿ 'ಇ' ಎಂಬ ಅಕ್ಷರ. ತೀರಿಕೊಂಡವರಿಗೆ ಹಾಕುವ ಗುರುತು ಅದು. 2023ರ ವಿಧಾನಸಭೆ ಚುನಾವಣೆಯಲ್ಲಿ ಅದೇ ಶಾಲೆಯ ಅದೇ ಕೋಣೆಯಲ್ಲಿ ವೋಟು ಹಾಕಿದ್ದವರು. ಹೆಸರು ತೆಗೆಯುವ ಮೊದಲು ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಒಂದು ಸಲ ಮನೆ ಬಾಗಿಲಿಗೆ ಬಂದಿದ್ದರೆ ಅಪ್ಪನೇ ಬಾಗಿಲು ತೆಗೆಯುತ್ತಿದ್ದರು. ಅಮ್ಮನ ಬೆರಳಿಗೆ ಶಾಯಿ ಬಿತ್ತು. ಅಪ್ಪ ಮನೆಗೆ ಬಂದು ಅಂಗಿ ಬಿಚ್ಚಿ ಮೊಳೆಗೆ ಹಾಕಿ ಸುಮ್ಮನೆ ಮಲಗಿಬಿಟ್ಟರು.

ಪಟ್ಟಿಯ ತಪ್ಪಿಗೆ ನೀವು ಹೊಣೆ ಎಂದು ನಾನು ಹೇಳುತ್ತಿಲ್ಲ. ಪಟ್ಟಿ ಚುನಾವಣಾ ಆಯೋಗದ್ದು. ನಮೂನೆ 6 ತುಂಬಿ ಹೆಸರು ಮತ್ತೆ ಸೇರಿಸಿಕೊಂಡಿದ್ದೇವೆ. ಪಟ್ಟಿಯ ವಿಚಾರದಲ್ಲಿ ಈಗ ಊರೆಲ್ಲ ಎರಡು ಪಾಲಾಗಿದೆ. ಬಿಹಾರದಲ್ಲಿ ಮತದಾರರ ಪಟ್ಟಿ ಪರಿಷ್ಕರಿಸಿದಾಗ ಕರಡು ಪಟ್ಟಿಯಿಂದ ಬಿಟ್ಟುಹೋದ ಸುಮಾರು 65 ಲಕ್ಷ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಎಂದು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಒಂದು ಕಡೆಯವರು ಕಳ್ಳತನ ಅನ್ನುತ್ತಾರೆ, ಇನ್ನೊಂದು ಕಡೆಯವರು ಶುದ್ಧೀಕರಣ ಅನ್ನುತ್ತಾರೆ. ನನಗೆ ಇಷ್ಟು ಗೊತ್ತು: ಬದುಕಿರುವ ಮನುಷ್ಯನನ್ನು ಪಟ್ಟಿಯಲ್ಲಿ ಸಾಯಿಸಿದರು. ವರ್ಷ ಕಳೆಯುವ ಮೊದಲೇ ಅದೇ ಮನುಷ್ಯನ ಮಗಳಿಗೆ 'ಯಾರಿಗೆ ಹಾಕಿದಿರೋ ಅವರನ್ನೇ ಕೇಳಿ' ಎಂದರು. ಇದು ಯಾವ ನ್ಯಾಯ ಸರ್?

ಬೂತುವಾರು ಲೆಕ್ಕ ನಮೂನೆ 20ರಲ್ಲಿ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ಆ ಲೆಕ್ಕ ಇಟ್ಟುಕೊಂಡು ಜನರ ಮೇಲೆ ಹಗೆ ತೀರಿಸಿಕೊಳ್ಳುತ್ತಾರೆ ಎಂಬ ಭಯಕ್ಕೇ ಹಲವು ಬೂತುಗಳ ವೋಟು ಒಟ್ಟಿಗೆ ಎಣಿಸುವ ಟೋಟಲೈಸರ್ ಯಂತ್ರ ಬೇಕು ಎಂದು ಚುನಾವಣಾ ಆಯೋಗ ಕೇಳಿತ್ತು. ಕಾನೂನು ಆಯೋಗವೂ 2015ರಲ್ಲಿ ತನ್ನ 255ನೇ ವರದಿಯಲ್ಲಿ ಬೇಕು ಎಂದಿತು. ಅದು ಯಾಕೆ ಬೇಕು ಎಂದು ನನಗೆ ಅರ್ಥವಾದದ್ದು ನಿಮ್ಮ ಕಚೇರಿಯಲ್ಲಿ.

ತೆರಿಗೆಗೆ ಬರುತ್ತೇನೆ. ಕೇಂದ್ರವು ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ, ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ ಕರ್ನಾಟಕದ ಪಾಲು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಇದು ಅನ್ಯಾಯ ಎಂದೇ ನಾನು ನಂಬಿದ್ದೇನೆ. ಆದಾಯ ತೆರಿಗೆಯ ಮೇಲೆ ಆರೋಗ್ಯ ಮತ್ತು ಶಿಕ್ಷಣದ ಹೆಸರಲ್ಲಿ ಶೇ 4 ಸೆಸ್ ಹಾಕುತ್ತಾರೆ, ಅದರಲ್ಲಿ ರಾಜ್ಯಗಳಿಗೆ ಪಾಲೇ ಇಲ್ಲ. ಇದನ್ನು ನೀವು ಸಂಸತ್ತಿನಲ್ಲಿ ಕೇಳಬೇಕು. ಹಾಗಂತ ರಾಜ್ಯದವರು ತಮ್ಮ ಕೆಲಸ ಬಿಟ್ಟು ಕೂರುವುದನ್ನೂ ನಾನು ಒಪ್ಪುವುದಿಲ್ಲ. ಆಯುಷ್ಮಾನ್ ಯೋಜನೆಯಲ್ಲಿ ಖರ್ಚು ಕೇಂದ್ರಕ್ಕೆ 60, ರಾಜ್ಯಕ್ಕೆ 40 ಎಂಬ ಲೆಕ್ಕ ಮೊದಲಿಂದಲೂ ಇದೆ. ಕಾರ್ಡು ಹಂಚುವ ಮೊದಲೇ ಕೂತು ಇತ್ಯರ್ಥ ಮಾಡಿಕೊಳ್ಳಬೇಕಿತ್ತು, ಅಲ್ವಾ?

ಅಪ್ಪನ ವಿಮೆಯ 2024ರ ಅಕ್ಟೋಬರಿನ ರಸೀದಿ ನನ್ನ ಮುಂದಿದೆ. ಪ್ರೀಮಿಯಂ 38,000. ಅದರ ಕೆಳಗೆ ಸಿಜಿಎಸ್‌ಟಿ 3,420. ಅದರ ಕೆಳಗೆ ಎಸ್‌ಜಿಎಸ್‌ಟಿ 3,420. ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ, ಒಂದು ಪೈಸೆ ಹೆಚ್ಚು ಕಮ್ಮಿ ಇಲ್ಲ. ಮುದುಕನ ಕೈಯಿಂದ ವಸೂಲಿ ಮಾಡುವಾಗ ಇಬ್ಬರಿಗೂ ತಕರಾರೇ ಇರಲಿಲ್ಲ. ಅದೇ ಮುದುಕ ಆಸ್ಪತ್ರೆಯಲ್ಲಿ ಮಲಗಿದಾಗ ಮಾತ್ರ ಅವರನ್ನು ಕೇಳಿ, ಇವರನ್ನು ಕೇಳಿ. ನನಗೆ ಸಿಟ್ಟು ಬಂದದ್ದು ಇದಕ್ಕೆ. ಇವತ್ತಿಗೂ ಇಳಿದಿಲ್ಲ.

ಆ ಶೇ 18 ತೆರಿಗೆ ತೆಗೆಯಿರಿ ಎಂದು 2024ರ ಜುಲೈನಲ್ಲಿ ಸಚಿವ ನಿತಿನ್ ಗಡ್ಕರಿಯವರೇ ಹಣಕಾಸು ಸಚಿವರಿಗೆ ಪತ್ರ ಬರೆದಿದ್ದರು. ಆಮೇಲೆ ವಿರೋಧ ಪಕ್ಷದವರು ಸಂಸತ್ತಿನ ಹೊರಗೆ ಪ್ರತಿಭಟಿಸಿದರು. ಜಿಎಸ್‌ಟಿ ಮಂಡಳಿ ಒಂದು ಸಮಿತಿ ಮಾಡಿತು, ಮುಂದೂಡಿತು, ಕೊನೆಗೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗಳಿಗೆ ತೆಗೆಯಿತು. ಒಳ್ಳೆಯದಾಯಿತು, ನಾನು ಅಲ್ಲ ಅನ್ನುವುದಿಲ್ಲ. ಆದರೆ ಕಂಪನಿಗಳು ಗುಂಪಾಗಿ ಮಾಡಿಸುವ ಪಾಲಿಸಿಗೆ ತೆರಿಗೆ ಹಾಗೇ ಇದೆ. ಅಪ್ಪನಿಗೆ ಈ ಸಲ ಮೂಲ ಪ್ರೀಮಿಯಮ್ಮೇ 41,800ಕ್ಕೆ ಏರಿತು. ತೆರಿಗೆಯಲ್ಲಿ ಉಳಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಯಿತು. 2025ರ ಹೊತ್ತಿಗೆ ಸರ್ಕಾರಗಳ ಆರೋಗ್ಯದ ಖರ್ಚನ್ನು ಜಿಡಿಪಿಯ ಶೇ 2.5ಕ್ಕೆ ಏರಿಸುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಬರೆದಿದ್ದರಲ್ಲ, ಅದರ ಬಗ್ಗೆಯೂ ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳಿ.

ಅಪ್ಪ ಈಗ ವಾಕರ್ ಹಿಡಿದು ಹಜಾರದವರೆಗೆ ನಡೆಯುತ್ತಾರೆ. ಇನ್ನೊಂದು ಕಾಲಿನ ಮಂಡಿಗೂ ಆಪರೇಷನ್ ಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಕಾರ್ಡು ಕನ್ನಡಕದ ಡಬ್ಬಿಯಲ್ಲೇ ಇದೆ. "ಸಂಸದರಿಗೆ ಬರೆದೆಯಾ?" ಎಂದು ಕೇಳುತ್ತಿರುತ್ತಾರೆ. ಅವರಿಗೆ ನಿಮ್ಮ ಮೇಲೆ ಇನ್ನೂ ನಂಬಿಕೆ ಇದೆ. ನಮ್ಮ ಬೀದಿಯಲ್ಲೇ ಅಂಥ ಕಾರ್ಡು ಇಟ್ಟುಕೊಂಡು ಕಾಯುವ ಹಿರಿಯರು ಇನ್ನೂ ಇದ್ದಾರೆ. ಅವರಲ್ಲಿ ನಿಮಗೆ ವೋಟು ಹಾಕಿದವರೂ ಇದ್ದಾರೆ, ಹಾಕದವರೂ ಇದ್ದಾರೆ. ಎಲ್ಲರಿಗೂ ಸಂಸದರು ನೀವೊಬ್ಬರೇ.

ಆದ್ದರಿಂದ ಮತ್ತೆ ಕೇಳುತ್ತೇನೆ. ಮುಂದಿನ ದಿಶಾ ಸಭೆಯ ದಿನಾಂಕವನ್ನು ಮೊದಲೇ ಪ್ರಕಟಿಸಿ. 70 ದಾಟಿದವರ ಕಾರ್ಡಿನ ವಿಷಯವನ್ನು ಅವತ್ತಿನ ಚರ್ಚೆಯ ಪಟ್ಟಿಯಲ್ಲಿ ಸೇರಿಸಿ. ಜಿಲ್ಲೆಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಯಾವುದರಲ್ಲಿ ಇಲ್ಲ, ಇಲ್ಲದಿದ್ದರೆ ಯಾವ ಕಚೇರಿಯ ಯಾವ ಆದೇಶ ಬಾಕಿ ಇದೆ ಎಂದು ಡಿಎಚ್‌ಒ ಅವರಿಂದ ಬರೆಸಿಕೊಳ್ಳಿ. ಅದನ್ನು ಪ್ರತಿ ಸರ್ಕಾರಿ ಆಸ್ಪತ್ರೆಯ ಗೋಡೆಗೆ ಅಂಟಿಸಿ. 'ಅದು ರಾಜ್ಯದ್ದು' ಎಂಬ ಒಂದು ಸಾಲಿನ ಉತ್ತರ ನನಗೆ ಬೇಡ. ಬಾಯಿ ಮಾತಿನ ಭರವಸೆಯೂ ಬೇಡ. ಬರಹದಲ್ಲಿ ಕೊಡಿ.

ನಿಮ್ಮ ಕಚೇರಿಗೆ ಬಂದವರನ್ನು ಬೂತ್ ನಂಬರ್ ಕೇಳುವುದನ್ನು ಇವತ್ತೇ ನಿಲ್ಲಿಸಿ. ಇದಕ್ಕೆ ಯಾವ ಸಭೆಯೂ ಬೇಕಾಗಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು